ನಾನು ಆರಿಸಲು ಹೋದ ಗೊರಕೆಯ ಮಷೀನು

ಗಾಳಿಯ ವಿಷಯದಲ್ಲಿ ಇಡೀ ಶಹಾಪುರ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷದಿಂದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಫ್ಯಾನು, ಕೂಲರು ಮಾರಿಕೊಂಡು ಬಂದವನು ನಾನು. ಏಪ್ರಿಲ್ ತಿಂಗಳಲ್ಲಿ ನಮ್ಮೂರ ಜನ ದೇವರಿಗಿಂತ ಮೊದಲು ನನ್ನನ್ನು ನೆನೆಯುತ್ತಾರೆ. ಹೀಗಿರುವಾಗ, ನನ್ನ ಗೊರಕೆಗೆ ಮೂಗಿನೊಳಗೆ ಗಾಳಿ ಬಿಡುವ ಮಷೀನೊಂದು ಬೇಕಾಗಬಹುದು ಎಂಬ ಮಾತು ಮನೆಯಲ್ಲಿ ಎದ್ದಾಗ, ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದೆ. ಆ ಮಷೀನನ್ನು ಆರಿಸುವವನು ಈ ವಿಶ್ವರಾಧ್ಯನೇ! ಡಾಕ್ಟರು ಬೇಕಾದರೆ ಪಕ್ಕದಲ್ಲಿ ನಿಂತು ನೋಡಲಿ.

ಗೊರಕೆಯ ಮಾತು ಎದ್ದದ್ದು ಮಾಳಿಗೆಯ ಮೇಲೆ. ನಮ್ಮ ಕಡೆ ಬೇಸಿಗೆ ಎಂದರೆ ಮಾಳಿಗೆ. ಹೊತ್ತು ಮುಳುಗಿದ ಮೇಲೆ ನಾಲ್ಕು ಕೊಡ ನೀರು ಚೆಲ್ಲಿ, ಪರ್ಸಿಕಲ್ಲಿನ ಕಾವು ಇಳಿದ ಮೇಲೆ ಕೌದಿ ಹಾಸಿ, ಸಾಲಾಗಿ ಮಲಗುವುದು. ಮೊದಲು ಇಡೀ ಓಣಿಯೇ ಮೇಲಿರುತ್ತಿತ್ತು. ಇಲ್ಲಿ ಒಬ್ಬರು ಕೆಮ್ಮಿದರೆ ಮೂರನೇ ಮಾಳಿಗೆಯಿಂದ ಮದ್ದು ಹೇಳುತ್ತಿದ್ದರು. ಮದುವೆಯಾದ ವರ್ಷ ನಾನೂ ಕಸ್ತೂರಿಯೂ ಅಲ್ಲಿಯೇ ಚುಕ್ಕಿ ಎಣಿಸುತ್ತ, ಯಾರಿಗೂ ಕೇಳದಂತೆ ಮಾತಾಡುವುದನ್ನು ಕಲಿತೆವು. ಈಗ ಓಣಿಯ ಮಾಳಿಗೆಗಳು ಖಾಲಿ. ಜನರನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿ ಕೂಲರಿನ ಮುಂದೆ ಮಲಗಿಸಿದವನು ನಾನೇ, ಅದು ಬೇರೆ ಮಾತು. ನಾವು ಮನೆಯವರು ಮಾತ್ರ ಇವತ್ತಿಗೂ ಮೇಲೆಯೇ ಮಲಗುತ್ತೇವೆ.

ಈ ಬೇಸಿಗೆಗೆ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದ ಮಗಳು ಸೌಭಾಗ್ಯ ಮೂರನೇ ದಿನವೇ ತೀರ್ಪು ಕೊಟ್ಟಳು.

"ಅಪ್ಪಾ, ನಿಮ್ಮ ಗೊರಕಿಗಿ ಕೂಸು ಬೆಚ್ಚಿ ಬೀಳಾಕತ್ತದ. ನೀವು ಕೆಳಗ ಮಲಗ್ರಿ."

ನಾನು ನ್ಯಾಯಕ್ಕಾಗಿ ಕಸ್ತೂರಿಯ ಮುಖ ನೋಡಿದೆ.

"ಹೌದ್ರಿ," ಎಂದಳು ಅವಳು. "ಓಣ್ಯಾಗಿನ ನಾಯಿ ಸುದ್ದಾ ಬೊಗಳೂದು ಬಿಟ್ಟಾವ. ದೊಡ್ಡದೇನೋ ಬಂದದ ಅಂತ ತಿಳಕೊಂಡಾವ."

ಹೀಗೆ ಇಪ್ಪತ್ತೆಂಟು ಬೇಸಿಗೆ ಮಲಗಿದ ಜಾಗದಿಂದ ನನ್ನ ಗಡೀಪಾರಾಯಿತು. ಕೆಳಗಿನ ಖೋಲಿಯಲ್ಲಿ ಅಂಗಡಿಯ ಅತಿ ದೊಡ್ಡ ಕೂಲರು ಹಚ್ಚಿಕೊಂಡು ಮಲಗಿದೆ. ಗಾಳಿಗೆ ಕೊರತೆಯಿರಲಿಲ್ಲ. ಆದರೆ ಮೇಲಿಂದ ಅವರ ನಗು, ಮಾತು ಕೇಳಿಬರುತ್ತಿತ್ತು. ಐವತ್ತೈದು ವರ್ಷದ ಗಂಡಸು ಇಂಥದ್ದಕ್ಕೆಲ್ಲ ಅಳಬಾರದು ಎಂದು ಗೋಡೆಯ ಕಡೆ ಹೊರಳಿದೆ. ಆ ಮಾಳಿಗೆಗೆ ಮರಳಿ ಹತ್ತುವುದು ಹೇಗೆ ಎನ್ನುವುದೊಂದೇ ನನ್ನ ಯೋಚನೆಯಾಯಿತು.

ಯಾದಗಿರಿಯಲ್ಲಿ ವಾರಕ್ಕೆರಡು ದಿನ ನಿದ್ದೆಯ ಡಾಕ್ಟರು ಕೂರುತ್ತಾರೆಂದು ತಿಳಿದು ಹೋದೆ. ನೋಡಿದರೆ ನಮ್ಮ ಶಹಾಪುರದ ಖುರ್ಷೀದಬೇಗಂ ಅವರ ಮಗಳು ಸಬಾ! ಅಂಗಡಿಯಲ್ಲಿ ಫ್ಯಾನಿನ ಮುಂದೆ ಬಾಯಿಟ್ಟು "ಆ" ಎಂದು ಕೂಗಿ ಆಡುತ್ತಿದ್ದ ಹುಡುಗಿ.

"ಸಬಾ ಬೇಟಿ, ಹೆಚ್ಚು ಮಾತು ಬ್ಯಾಡ. ಇದ್ದದ್ರಾಗ ಎಲ್ಲಾಕಿಂತ ಜೋರು ಗಾಳಿ ಬಿಡೂ ಮಷೀನು ತೋರಸು," ಎಂದೆ.

ಸಬಾ ನಕ್ಕಳು. "ಕಾಕಾ, ನಾ ನಾಕನೇ ಕ್ಲಾಸ್ ಇದ್ದಾಗ ಅಮ್ಮಿ ನಿಮ್ಮ ಅಂಗಡಿಗಿ ಕೂಲರ್ ತಗೊಳ್ಳಾಕ ಬಂದಿದ್ರು, ನೆನಪದ ಏನು? ನೀವು ಕೂಲರ್ ತೋರಿಸಲೇ ಇಲ್ಲ. ಖೋಲಿ ಎಷ್ಟು ದೊಡ್ಡದದ, ಖಿಡಕಿ ಯಾವ ಕಡಿ ಅದ, ಎಷ್ಟು ಮಂದಿ ಮಲಗ್ತೀರಿ ಅಂತ ಅರ್ಧ ತಾಸು ಕೇಳಿದ್ರಿ. ಇವರು ಕೂಲರ್ ಮಾರ್ತಾರೋ ಜನಗಣತಿ ಮಾಡ್ತಾರೋ ಅಂದ್ರು ಅಮ್ಮಿ. ಕಡೀಗಿ ಸಣ್ಣದ ಕೊಟ್ಟು ಕಳಿಸಿದ್ರಿ."

"ಖಿಡಕಿ ಒಂದ ಇತ್ತವಾ. ದೊಡ್ಡದು ಕೊಟ್ಟಿದ್ರ ಖೋಲಿ ತುಂಬ ಹಸಿ ಆಗ್ತಿತ್ತು."

"ನಾನೂ ಅದನ್ನ ಮಾಡಾಕತ್ತೀನಿ. ಮೊದಲ ನಿಮ್ಮ ನಿದ್ದಿ ನೋಡಬೇಕು. ಆಮ್ಯಾಲ ಮಷೀನು."

ಅವಳು ಅಂಗೈಯಗಲದ ಒಂದು ಡಬ್ಬಿ ಕೊಟ್ಟಳು. ಅದಕ್ಕೆ ಎದೆಗೆ ಬಿಗಿಯುವ ಪಟ್ಟಿ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು, ಮೂಗಿನ ಕೆಳಗೆ ಕೂರುವ ಸಣ್ಣ ನಳಿಕೆ. ಇದನ್ನು ಕಟ್ಟಿಕೊಂಡು ಒಂದು ರಾತ್ರಿ ಮಲಗಬೇಕು. ಉಸಿರು ಎಷ್ಟು ಸಲ ನಿಂತಿತು, ರಕ್ತದಲ್ಲಿ ಆಕ್ಸಿಜನ್ ಎಷ್ಟು ಇಳಿಯಿತು, ಮೈ ಮಲಗಿತ್ತೋ ಎದ್ದಿತ್ತೋ, ಎಲ್ಲ ಅದರಲ್ಲಿ ದಾಖಲಾಗುತ್ತದೆ. "ನಾಳೆ ಹತ್ತಕ್ಕ ಡಬ್ಬಿ ವಾಪಸ್ ಬರಬೇಕು ಕಾಕಾ. ಕೊಂಕಲ್‌ನ ಪೇಷಂಟ್ ಒಬ್ಬರು ಕಾಯಾಕತ್ತಾರ," ಎಂದು ಎರಡೆರಡು ಸಲ ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಎನ್ನುವುದು ಹತ್ತಿರ ಸುಳಿಯಲಿಲ್ಲ. ಎಡಕ್ಕೆ ಹೊರಳಿದರೆ ಪಟ್ಟಿ, ಬಲಕ್ಕೆ ಹೊರಳಿದರೆ ನಳಿಕೆ. ಹನ್ನೆರಡಾಯಿತು. ಬೆಳಿಗ್ಗೆ ಖಾಲಿ ಡಬ್ಬಿ ಹಿಡಿದು ಹೋಗಿ ಮಾನ ಕಳೆದುಕೊಳ್ಳುವುದೇ? ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕಸ್ತೂರಿ! ಅವಳು ಗೊರಕೆ ಹೊಡೆದದ್ದನ್ನು ನಾನು ಎಂದೂ ಕೇಳಿಲ್ಲ. ಯಾಕೆಂದರೆ ಅವಳ ಕಣ್ಣು ಮುಚ್ಚಿದ ಬೆನ್ನಿಗೇ ನಾನೂ ಮಲಗಿ ಬ್ಯಾಂಡ್ ಶುರು ಮಾಡಿರುತ್ತೇನೆ. ಅವಳಿಗೆ ಕಟ್ಟಿದರೆ ರಿಪೋರ್ಟು ಸಾಫಾಗಿ ಬರುತ್ತದೆ, ನಾನು ನಿರ್ದೋಷಿ ಎಂದು ಮಾಳಿಗೆ ಹತ್ತುತ್ತೇನೆ. ಇಂಥ ಮೋಸವನ್ನು ಗಿರಾಕಿಗಳಿಗೆ ಎಂದೂ ಮಾಡಿದವನಲ್ಲ, ಆ ರಾತ್ರಿ ಡಾಕ್ಟರಿಗೆ ಮಾಡಿದೆ.

ಮೆಲ್ಲಗೆ ಮೇಲೆ ಹೋಗಿ ಎಬ್ಬಿಸಿದೆ. "ಕಸ್ತೂರಿ, ಇದನ್ನ ಕಟಗೊಂಡು ಮಲಗು. ಮುಂಜಾನಿ ತನಕ ತಗೀಬ್ಯಾಡ."

"ನಿಮ್ಮ ಗೊರಕಿ ನನ್ನ ಮೂಗಿನಾಗ ಹ್ಯಾಂಗ ಸಿಗ್ತದ್ರಿ?"

"ಗಂಡ ಹೆಂಡತಿ ಅಂದಮ್ಯಾಲ ಎಲ್ಲಾ ಒಂದ."

ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ನಿದ್ದೆ ಹೋದಳು. ಪಟ್ಟಿಯ ಬಕಲು ಇನ್ನೂ ನನ್ನ ಕೈಯಲ್ಲೇ ಇತ್ತು.

ಬೆಳಿಗ್ಗೆ ಅವಳನ್ನೂ ಕರೆದುಕೊಂಡು ಯಾದಗಿರಿಗೆ ಹೊರಟೆ. ಕೆಲಸ ಮುಗಿಸಿಕೊಂಡು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಕೈ ಮುಗಿದು ಬರುವುದೆಂದು ಮಾತಾಗಿತ್ತು. ಸಬಾ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ ನೋಡತೊಡಗಿದಳು. ನಾನು ಅಭಿನಂದನೆ ಸ್ವೀಕರಿಸಲು ತಯಾರಾಗಿ ಕೂತಿದ್ದೆ. ಅವಳ ಮುಖದ ನಗು ಇಳಿಯಿತು.

"ಕಾಕಾ, ಇದು ಹಗರ ಇಲ್ಲ. ತಾಸಿಗಿ ಮೂವತ್ತೆಂಟು ಸಲ ಉಸುರು ನಿಂತದ. ಗಂಟಲ ಗ್ವಾಡಿ ಕೂಡಿಕೊಂಡು ಗಾಳಿ ಹೋಗಾಕ ದಾರಿ ಇಲ್ಲದಂಗ ಆಗ್ಯದ. ಆಕ್ಸಿಜನ್ ಎಪ್ಪತ್ತೆಂಟಕ್ಕ ಇಳದದ. ಹಿಂಗ ಬಿಟ್ರ ಹೃದಯಕ್ಕ ತ್ರಾಸ."

ನನಗೆ ನಗು ಬಂತು. ಡಬ್ಬಿ ಕಟ್ಟಿದ್ದು ಗೊರಕೆಯೇ ಹೊಡೆಯದ ಕಸ್ತೂರಿಗಲ್ಲವೇ. "ಮಷೀನು ಕೆಟ್ಟದ ಬೇಟಿ. ಬ್ಯಾರೆದು ಹಚ್ಚು."

"ಮಷೀನು ಛಲೋ ಅದ. ಒಂದು ಮಾತು ಹೇಳ್ರಿ. ನಸುಕಿನಾಗ ನಾಕೂ ಇಪ್ಪತ್ತರಿಂದ ಐದೂ ಹತ್ತರ ತನಕ ನೀವು ಎದ್ದು ನಿಂತೀರಿ. ಬಗ್ಗೀರಿ, ಎದ್ದೀರಿ, ಮತ್ತ ಬಗ್ಗೀರಿ. ಏನು ಮಾಡಾಕತ್ತಿದ್ರಿ?"

ನಾನು ಉತ್ತರ ಹುಡುಕುವ ಮೊದಲೇ ಕಸ್ತೂರಿ ಹೇಳಿಬಿಟ್ಟಳು. "ನಳ ಬಂದಿತ್ತವಾ. ನಾಕು ದಿನಕ್ಕೊಮ್ಮಿ ಬಿಡ್ತಾರ. ತಗೀಬ್ಯಾಡ ಅಂದಿದ್ರಲ್ಲ ಇವರು, ಡಬ್ಬಿ ಕಟಗೊಂಡ ಹದಿನಾಕು ಕೊಡ ತುಂಬಿದೆ."

ಸಬಾ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಗಂಡಸರು ನಳದ ನೀರು ತುಂಬುವ ಊರಾಗಿದ್ದರೆ ನಾನು ಬಚಾವಾಗುತ್ತಿದ್ದೆ. ತಲೆ ತಗ್ಗಿಸಿ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕುರ್ಚಿಯನ್ನು ಕಸ್ತೂರಿಯ ಕಡೆ ತಿರುಗಿಸಿಕೊಂಡಳು.

"ಕಾಕೂ, ಮುಂಜಾನಿ ಎದ್ದಾಗ ತಲಿ ನೋಯ್ತದ ಏನ್ರಿ?"

"ದಿನಾ ನೋಯ್ತದ. ಬಿಸಲಿಗಿ ಅಂತ ತಿಳಕೊಂಡೀನಿ."

"ಹಗಲೊತ್ತು ತೂಕಡಿಕಿ?"

ಕಸ್ತೂರಿ ನಾಚಿಕೊಂಡು ನನ್ನ ಕಡೆ ನೋಡಿದಳು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನು. ಸುರಪುರದಿಂದ ಬರುವ ಬಸ್ಸಿನಲ್ಲಿ ಯಾರದೋ ಹೆಗಲ ಮೇಲೆ ಮಲಗಿ, ಇಳಿಯುವ ಊರು ದಾಟಿದವಳು ಅವಳು. ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದೇ ತೂಕಡಿಸಿದವಳು. ಮೆಂತೆ ಸೋಸುತ್ತ ಸೋಸುತ್ತ ಮೊರದ ಮೇಲೆ ತಲೆಯಿಟ್ಟವಳು. ಬೀಗರು ಬಂದರೆ, ಗೆಳೆಯರು ಬಂದರೆ, ಇವನ್ನೆಲ್ಲ ನಾನು ಅಭಿನಯ ಮಾಡಿ ತೋರಿಸಿ ನಗಿಸುತ್ತಿದ್ದೆ. ಅವಳೂ ಚಹಾ ಕೊಡುತ್ತ ನಗುತ್ತಿದ್ದಳು. ಪಾಪ, ಅವಳು ರಾತ್ರಿಯಿಡೀ ಉಸಿರಿಗಾಗಿ ಗುದ್ದಾಡಿ ದಣಿದಿರುತ್ತಿದ್ದಳು. ಪಕ್ಕದಲ್ಲಿ ಮಲಗಿದ ಗಾಳಿಯ ವ್ಯಾಪಾರಿಗೆ ಅದು ಗೊತ್ತಾಗಲಿಲ್ಲ. ಆ ಖೋಲಿಯಲ್ಲಿ ನನಗೆ ಆದಷ್ಟು ನಾಚಿಕೆ ಜೀವಮಾನದಲ್ಲಿ ಆಗಿಲ್ಲ.

ಮುಂದಿನ ವಾರ ಇಬ್ಬರಿಗೂ ಸರಿಯಾಗಿ ಪರೀಕ್ಷೆಯಾಯಿತು. ನನ್ನದು ಬರೀ ಗದ್ದಲ, ರೋಗವಲ್ಲ. ಹೊಟ್ಟೆ ಇಳಿಸಿ, ಮಗ್ಗುಲಾಗಿ ಮಲಗಬೇಕು, ಅಷ್ಟೆ. ಮಷೀನು ಬೇಕಾದದ್ದು ಕಸ್ತೂರಿಗೆ.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಕಿಗಿ ಎಲ್ಲಾಕಿಂತ ಜೋರಿಂದು ಕೊಡವಾ," ಎಂದೆ.

ಸಬಾ ತಾಳ್ಮೆಯಿಂದ ತಿಳಿಸಿದಳು. ಒಂದು ಮಷೀನು ರಾತ್ರಿಯಿಡೀ ಒಂದೇ ಒತ್ತಡದಲ್ಲಿ ಗಾಳಿ ಬಿಡುತ್ತದೆ. ಇನ್ನೊಂದು, ಗಂಟಲು ಮುಚ್ಚಿದಷ್ಟೂ ತಾನೇ ಒತ್ತಡ ಏರಿಸಿ, ತೆರೆದರೆ ಇಳಿಸುತ್ತದೆ. ಮತ್ತೊಂದು, ಒಳಗೆ ಎಳೆಯುವಾಗ ಜೋರಾಗಿ, ಬಿಡುವಾಗ ಮೆತ್ತಗೆ. ಅದು ಶ್ವಾಸಕೋಶ ಸೋತವರಿಗೆ, ಇಲ್ಲವೇ ಹೆಚ್ಚಿನ ಒತ್ತಡ ತಡೆಯಲಾಗದವರಿಗೆ. ಕಸ್ತೂರಿಗೆ ಎರಡನೆಯದನ್ನು ಹದಿನೈದು ದಿನ ಹಚ್ಚಿ ನೋಡುವುದು, ಅವಳ ಗಂಟಲು ಎಷ್ಟು ಕೇಳುತ್ತದೆಂದು ಮಷೀನೇ ಹೇಳಿದ ಮೇಲೆ ಮುಂದಿನದು. ಜೋರು ಹೆಚ್ಚಾದರೆ ಗಾಳಿ ಸೋರಿ, ಕಣ್ಣು ಒಣಗಿ, ಮೂರನೇ ದಿನಕ್ಕೆ ಬಿಚ್ಚಿ ಬಿಸಾಡುತ್ತಾರಂತೆ.

ಕಷ್ಟ ಬಂದದ್ದು ಮಷೀನಿನ ಗಾಳಿಗಾಗಿ ಮೂಗಿಗೆ ಹಾಕುವ ಮುಸುಕಿನಲ್ಲಿ, ಅಂದರೆ ಮಾಸ್ಕಿನಲ್ಲಿ. ಮೊದಲನೆಯದು ಮೂಗುತಿಗೆ ತಾಗಿ ಒಂದು ಕಡೆ ಗಾಳಿ ಸೋರಿತು.

"ರಾತ್ರಿ ಅಷ್ಟ ಮೂಗುತಿ ತಗದಿಟ್ರ ಆಗ್ತದಲ್ಲ?" ಎಂದೆ ನಾನು.

"ನೀವು ಜೀವಂತ ಇರೂ ತನಕ ತಗಿಯಾಕಿ ಅಲ್ಲ," ಎಂದಳು ಕಸ್ತೂರಿ. ಬೇಕಾಗಿದ್ದ ಮಷೀನು ಬೇಡವೆಂದು ಎದ್ದೇಬಿಟ್ಟಳು.

ಸಬಾ ಅವಳ ಕೈ ಹಿಡಿದು ಕೂರಿಸಿದಳು. "ಕಾಕೂ, ಮೂಗುತಿ ನಿಮ್ಮದು, ಅಲ್ಲೇ ಇರಲಿ. ಮುಸುಕು ನಾ ಬದಲಿ ಮಾಡ್ತೀನಿ." ಎರಡನೆಯದೂ ಆಗಲಿಲ್ಲ. ಮೂರನೆಯದು ಮೂಗಿನ ಹೊಳ್ಳೆಯ ಕೆಳಗಷ್ಟೇ ಮೆತ್ತಗೆ ಕೂರುವಂಥದ್ದು, ಮೂಗುತಿಯ ತಂಟೆಗೇ ಹೋಗಲಿಲ್ಲ. ಆ ದಿನ ನನಗೆ ಆರಿಸುವುದು ಅಂದರೇನೆಂದು ತಿಳಿಯಿತು. ಒಂದು ಕೆಲಸ ಮಾತ್ರ ನನಗೆ ಸಿಕ್ಕಿತು, ಮೂಗು ಒಣಗದಂತೆ ಮಷೀನಿನ ಪುಟ್ಟ ಡಬ್ಬಿಗೆ ದಿನಾ ಶುದ್ಧ ನೀರು ಹಾಕುವುದು.

ಮಾಳಿಗೆಗೆ ವೈರು ಎಳೆದೆ. ಮಗ್ಗುಲಾಗಿ ಮಲಗುತ್ತೇನೆಂದು ಮಗಳ ಮುಂದೆ ಆಣೆ ಮಾಡಿ ನನ್ನ ಜಾಗ ಮರಳಿ ಪಡೆದೆ. ತಿಂಗಳಾಗುವಷ್ಟರಲ್ಲಿ ಕಸ್ತೂರಿಯ ತಲೆನೋವು ಹೋಯಿತು, ಸಂಜೆಯ ಹೊತ್ತು ಕಣ್ಣುಗಳು ದೀಪದಂತೆ ಹೊಳೆಯತೊಡಗಿದವು.

ಒಂದು ರಾತ್ರಿ ಮುಸುಕನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಕೇಳಿದಳು. "ಬೋನಾಳ ಕೆರಿ ಕಥಿ ಹೇಳ್ರಿ. ಮದುವ್ಯಾದಾಗಿಂದ ಹೇಳಾಕತ್ತೀರಿ, ಒಮ್ಮಿನೂ ಕಡೀ ತನಕ ಕೇಳಿಲ್ಲ. ಟ್ಯೂಬ್ ನೀರಿಗಿ ಬೀಳೂದ್ರೊಳಗ ಮಲಗಿರ್ತಿದ್ದೆ."

ಎದ್ದು ಕೂತೆ. ಹನ್ನೆರಡನೇ ವಯಸ್ಸಿನಲ್ಲಿ ನಾನೂ ಗೆಳೆಯ ಲಿಂಗಣ್ಣನೂ ಲಾರಿಯ ಹಳೇ ಟ್ಯೂಬು ಕದ್ದದ್ದು, ಕೆರೆಯ ನಡುವೆ ತೇಲಿ ಹೋದದ್ದು, ನಾನು ಸೀನಿದ ಸದ್ದಿಗೆ ಸಾವಿರಾರು ಹಕ್ಕಿಗಳು ಒಮ್ಮೆಲೇ ಎದ್ದು ಆಕಾಶ ಮುಚ್ಚಿದ್ದು, ಒಂದೂ ಬಿಡದೆ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ಮುಂದ?"

"ಮುಂದೇನು? ಹಕ್ಕಿ ಹಾರಿ ಹೋದ್ವು. ನಾವು ಮನಿಗಿ ಬಂದ್ವಿ."

"ಅಷ್ಟ?"

"ಅಷ್ಟ."

ಕಸ್ತೂರಿ ಕೈಯಲ್ಲಿದ್ದ ಮುಸುಕಿನ ಪಟ್ಟಿ ಸರಿಮಾಡಿಕೊಂಡಳು.

"ಇಪ್ಪತ್ತೆಂಟು ವರ್ಷ ಮಲಗಿ ಏನೋ ದೊಡ್ಡದು ಕಳಕೊಂಡೆ ಅಂತ ಮನಸ್ಸಿನಾಗ ಕೊರಗಿತ್ತು ನೋಡ್ರಿ," ಎಂದಳು. "ಈಗ ಅದೂ ಹೋತು."

ಮುಸುಕು ಕಟ್ಟಿಕೊಂಡು, ಗುಂಡಿ ಒತ್ತಿ, ನೆಮ್ಮದಿಯಾಗಿ ಮಲಗಿದಳು.