ತುರ್ವಿಹಾಳದ ಎರಡೂವರೆ ವರ್ಷದ ಟೀಚರ್

ತುರ್ವಿಹಾಳದ ಅಂಗನವಾಡಿ ಟೀಚರ್ ಬಸ್ಸಮ್ಮನವರಿಗೆ ಈಗ ಎರಡೂವರೆ ವರ್ಷ. ಇದು ದಾಖಲೆಯ ಮಾತಾದ್ದರಿಂದ, ಅವರಿಗೆ ಮೊಮ್ಮಕ್ಕಳಿರುವ ಸಂಗತಿಯನ್ನು ಯಾರೂ ಅಡ್ಡ ತರುವಂತಿಲ್ಲ.

ಎಳೆಯ ಮಕ್ಕಳಿಗೆ ಭಾಷೆ ಕಲಿಸುವವರನ್ನು ಕೃತಕ ಬುದ್ಧಿಮತ್ತೆಗೆ ಸಜ್ಜುಗೊಳಿಸುವ ಶಿಬಿರ ಸಿಂಧನೂರಿನ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ನಡೆಯಿತು. ಕುರ್ಚಿ ಹಾಕಿಸುವ ಹೊಣೆ ನನ್ನದು. ಆದಕಾರಣ ಕಂಡದ್ದನ್ನೂ ಕಾಣದ್ದನ್ನೂ ಅಧಿಕೃತವಾಗಿ ಹೇಳಬಲ್ಲೆ. ಅಧಿಕಾರಿ ಸಿದ್ದರಾಮೇಶ ಅವರು ಟ್ಯಾಬ್ಲೆಟ್ ಎತ್ತಿ ಹಿಡಿದು ನಿಯಮ ಓದಿದರು: ಸದರಿ ಯಂತ್ರವು ಮಾತು ಕೇಳಿ ವಯಸ್ಸು ಹೇಳತಕ್ಕದ್ದು, ಅದು ಹೇಳಿದ್ದೇ ವಯಸ್ಸು, ತಕರಾರಿದ್ದಲ್ಲಿ ಯಂತ್ರಕ್ಕೇ ಮನವಿ ಸಲ್ಲಿಸತಕ್ಕದ್ದು.

ಪಾಠ ಮಾಡಿ ತೋರಿಸಲು ಹೇಳಿದಾಗ ಬಸ್ಸಮ್ಮ ದಿನಾ ಮಾಡುವಂತೆಯೇ ಮಾಡಿದರು. “ಬೌಬೌ ಬಂತು... ಪುಟ್ಟಿ ಬುವ್ವಾ ಉಂಡ್ಲು... ಈಗ ಜೋಜೋ.”

ಯಂತ್ರ ಎರಡೂವರೆ ವರ್ಷ ಎಂದಿತು.

ಮುಂದಿನ ಸರದಿ, ಮಾದರಿ ಮಗುವೆಂದು ಕರೆತಂದಿದ್ದ ನಾಲ್ಕು ವರ್ಷದ ಗೌಸಿಯಾಳದು. ಸಂತೆಕಲ್ಲೂರಿನಲ್ಲಿ ಬಳೆ ಮಾರುವ ಅಜ್ಜಿಯ ಮಡಿಲಲ್ಲಿ ಬೆಳೆದ ಕೂಸು. ಟ್ಯಾಬ್ಲೆಟ್ಟನ್ನು ತಿರುವಿ ನೋಡಿ, “ನಿಮಗ ಟೋಪಿ ಹಾಕ್ಯಾರ ಸಾಹೇಬ್ರ. ಹಳೀ ಮಾಲ್ ಐತಿದು” ಅಂದಿತು. ಯಂತ್ರ ನಲವತ್ತಾರು ವರ್ಷ, ಹುದ್ದೆಗೆ ಅರ್ಹ ಎಂದಿತು.

ಮರುದಿನದಿಂದ ಅಂಗನವಾಡಿಯ ಕುರ್ಚಿ ಗೌಸಿಯಾಳಿಗೆ, ಮಕ್ಕಳ ಪಾಲಿನ ಚಾಪೆ ಮತ್ತು ತತ್ತಿ ಬಸ್ಸಮ್ಮನವರಿಗೆ.

“ನನ್ ನೌಕ್ರಿ ನನಗ ಕೊಡಸ್ರಿ,” ಎಂದು ಬಸ್ಸಮ್ಮ ಕಣ್ಣೀರು ಹಾಕಿದರು. ಮನ ಕರಗಿದ ಸಿದ್ದರಾಮೇಶ ತಾವೇ ಯಂತ್ರದ ಮುಂದೆ ನಿಂತು, “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಬಸ್ಸಮ್ಮರವರ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಲ್ಲಿಸಲಾಗಿದೆ,” ಎಂದರು. ಯಂತ್ರ ಬಹಳ ಹೊತ್ತು ಯೋಚಿಸಿ, ಇದು ಮನುಷ್ಯರ ಧ್ವನಿಯಲ್ಲ, ಇನ್ನೊಂದು ಯಂತ್ರ ಮಾತಾಡುತ್ತಿದೆ ಎಂದು ಮನವಿ ತಿರಸ್ಕರಿಸಿತು. ಯಂತ್ರವೆಂದ ಮೇಲೆ ದಾಸ್ತಾನಿಗೆ ಸೇರಬೇಕಲ್ಲ? ಸಿದ್ದರಾಮೇಶ ಅವರ ಬೆನ್ನಿಗೆ ನಂಬರು ಅಂಟಿಸಲಾಯಿತು. ಈಗ ಲಿಂಗಸುಗೂರು, ಮಸ್ಕಿಯ ಶಿಬಿರಗಳಿಗೆ ಅವರನ್ನು ಪ್ರೊಜೆಕ್ಟರ್ ಜೊತೆ ಸಾಗಿಸುತ್ತಾರೆ. ದಾರಿಯಲ್ಲಿ ಸಿಕ್ಕಾಗ ವಿಚಾರಿಸಿದೆ. ಆರಾಮ ಅದೀನಿ, ಯಾರೂ ಸಹಿ ಕೇಳಂಗಿಲ್ಲ ಅಂದರು.

ಇತ್ತ ಗೌಸಿಯಾ ಟೀಚರ್ ಆಡಳಿತ ಬಿಗಿಯಾಯಿತು. ಸರ್ವೆ ಮಾಡಿಕೊಡಿ, ಪಟ್ಟಿ ಬರೆದುಕೊಡಿ ಎಂದು ಬಂದ ಇಲಾಖೆಯವರಿಗೆಲ್ಲ ಅಜ್ಜಿಯ ಬಳೆ ವ್ಯಾಪಾರದಲ್ಲಿ ಕಲಿತ ಒಂದೇ ಉತ್ತರ: “ಇನ್ನಾ ಬೋಣಿಗಿ ಆಗಿಲ್ರಿ. ನಾಳಿ ಬರ್ರಿ.” ಊಟವಾದೊಡನೆ ಎಲ್ಲರೂ ಮಲಗಬೇಕು. ಇಷ್ಟು ವರ್ಷ ಊರ ಮಕ್ಕಳನ್ನೆಲ್ಲ ತಟ್ಟಿ ಮಲಗಿಸಿ, ತಾವು ಮಾತ್ರ ಒಂದು ಮಧ್ಯಾಹ್ನವೂ ಕಣ್ಣು ಮುಚ್ಚದ ಬಸ್ಸಮ್ಮ, ಟೀಚರ್ ಮಾತಿಗೆ ಮಣಿದು ಮಲಗಿದರು.

ತಿಂಗಳಾದ ಮೇಲೆ ಬಸ್ಸಮ್ಮನವರಿಗೆ ಮರುಪರೀಕ್ಷೆ. ದೊಡ್ಡವರಂತೆ ಒಂದು ಮಾತಾಡಿದರೂ ಹುದ್ದೆ ವಾಪಸ್. ಗೌಸಿಯಾ ಟೀಚರ್ ತಾವೇ ಅಂಥದೊಂದು ಮಾತನ್ನು ಬಾಯಿಪಾಠ ಮಾಡಿಸಿದ್ದರು. ಯಂತ್ರವನ್ನು ಬಾಯಿಯ ಹತ್ತಿರ ಹಿಡಿದೆವು. ಬಸ್ಸಮ್ಮ ಕುರ್ಚಿಯನ್ನು ನೋಡಿದರು. ಅದರ ಮೇಲಿದ್ದ ಸರ್ವೆ ಕಾಗದಗಳ ರಾಶಿಯನ್ನು ನೋಡಿದರು. ಚಾಪೆಯನ್ನು ನೋಡಿದರು.

“ಬುವ್ವಾ,” ಎಂದರು, ಸ್ಪಷ್ಟವಾಗಿ.

ಮಗುವಿನ ಬೆಳವಣಿಗೆ ಕುಂಠಿತವಾಗಿದೆ ಎಂದು ಸಭೆ ಒಮ್ಮತದಿಂದ ಒಪ್ಪಿ, ನಿಯಮಾನುಸಾರ ದಿನಕ್ಕೆ ಇನ್ನೊಂದು ತತ್ತಿ ಮಂಜೂರು ಮಾಡಿತು.