ಕೊಟ್ಟೂರಿನ ರೋಡ್ ರೋಲರ್ ಸಾಕ್ಷಿ ಹೇಳಲು ಬರಬೇಕಾಗಿ ವಿನಂತಿ

ಲೋಕೋಪಯೋಗಿ ಕಚೇರಿಯ ಹಿಂದಿನ ಜಾಲಿ ಪೊದೆಯಲ್ಲಿ ಎರಡು ವರ್ಷದಿಂದ ವಿಶ್ರಾಂತಿಯಲ್ಲಿರುವ ರೋಡ್ ರೋಲರ್ ಮಾನ್ಯರೇ,

ತಮ್ಮ ಹತ್ತು ಟನ್ ಘನತೆಗೆ ನಮಸ್ಕಾರಗಳು. ಇಪ್ಪತ್ತೆಂಟು ವರ್ಷ ತಮ್ಮನ್ನು ಕೊಟ್ಟೂರಿನಿಂದ ಹಡಗಲಿಗೆ, ಹರಪನಹಳ್ಳಿಯಿಂದ ನೀಲಗುಂದಕ್ಕೆ ನಡೆಸಿಕೊಂಡು ಹೋದ ಗಾದಿಲಿಂಗನ ಅಕ್ಕನ ಮಗಳು ನಾನು. ಮಾವ 1999ರಲ್ಲಿ ತೀರಿಕೊಂಡ. ಅವನು ದುಡಿದದ್ದು ನಿಜ, ದ್ಯಾಮಕ್ಕ ಅವನ ಹೆಂಡತಿ ಎಂಬುದೂ ನಿಜ ಎನ್ನುವ, ಪಿಂಚಣಿಗೆ ಬೇಕಾದ ಒಂದೇ ಒಂದು ಕಾಗದಕ್ಕಾಗಿ ಅಂದಿನಿಂದ ನಾನೂ ಅತ್ತೆಯೂ ಅಲೆಯುತ್ತಿದ್ದೇವೆ.

ಇದರಲ್ಲಿ ಕಚೇರಿಯವರ ತಪ್ಪು ಎಳ್ಳಷ್ಟೂ ಇಲ್ಲ. ಕೆಲಸದ ಆದೇಶ ಬಂದದ್ದು ದೊಡ್ಡ ಮಾವ ಬೊಮ್ಮಪ್ಪನ ಹೆಸರಿಗೆ. ಅವನು ಮೊದಲ ದಿನವೇ ತಮ್ಮ ಗುಡುಗಿಗೆ ಹೆದರಿ ಇಳಿದು ಓಡಿಬಂದು ಮಂಡಕ್ಕಿ ಅಂಗಡಿ ಇಟ್ಟ. ಬಂದ ಕೆಲಸ ಬಿಡಬಾರದೆಂದು ಅವನ ಬದಲು ಗಾದಿಲಿಂಗ ಹತ್ತಿ ಕೂತು, ದಿನವೂ ಅಣ್ಣನ ಹೆಸರಿನಲ್ಲೇ ಸಹಿ ಹಾಕುತ್ತ ಮುದುಕನಾದ.

ಕಳೆದ ವರ್ಷ ಗುಮಾಸ್ತರು ಅತ್ತೆಗೆ ಗಂಡನ ಹೆಸರು ಕೇಳಿದರು. ಗಂಡನ ಹೆಸರು ಬಾಯಲ್ಲಿ ಆಡದ ಹೆಂಗಸು ಗೋಡೆಯ ಕಡೆ ತಿರುಗಿದಳು. ಪಾಪ, ಅವರೇ ಹಾಜರಿ ಪುಸ್ತಕ ನೋಡಿ "ಬೊಮ್ಮಪ್ಪ ಏನಮ್ಮಾ?" ಎಂದರು. ಭಾವನ ಹೆಸರು ಕಿವಿಗೆ ಬಿದ್ದದ್ದೇ ಅತ್ತೆ ಮರ್ಯಾದೆಗೆ ಸೆರಗು ಹೊದ್ದು ತಲೆ ತಗ್ಗಿಸಿದಳು. ಗುಮಾಸ್ತರು ಅದನ್ನೇ ಒಪ್ಪಿಗೆಯೆಂದು ಬರೆದುಕೊಂಡರು. ಹೀಗೆ ಅಂಗಡಿಯಲ್ಲಿ ಮಂಡಕ್ಕಿ ಅಳೆಯುತ್ತಿದ್ದ ದೊಡ್ಡ ಮಾವ ಕೂತಲ್ಲೇ ಮೃತನಾಗಿ, ಸತ್ತ ಮೇಲೆ ತಮ್ಮನ ಹೆಂಡತಿಗೆ ಗಂಡನೂ ಆದ. ಅವನ ಹೆಂಡತಿ ಹೊನ್ನೂರಮ್ಮ ಅಂದಿನಿಂದ ಅತ್ತೆಯನ್ನು ಮಾತಾಡಿಸಿಲ್ಲ.

ತಿದ್ದಬೇಕಾದರೆ ಅತ್ತೆಯೇ ಗಂಡನ ಹೆಸರು ಬಾಯಿಬಿಟ್ಟು ಹೇಳಲಿ ಎಂದರು ಗುಮಾಸ್ತರು. ಮೊನ್ನೆ ಸೋಮವಾರ ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು, ಗೋಡೆ ಹಿಡಿದು ನಿಂತು, ಜನ್ಮದಲ್ಲಿ ಮೊದಲ ಸಲ "ಗಾದಿಲಿಂಗಪ್ಪ ಅಂತ್ರಿ" ಎಂದಳು. ಗುಮಾಸ್ತರು ಪುಸ್ತಕ ತಿರುವಿ, "ಆ ಹೆಸರಿನವ್ರು ಯಾರೂ ಇಲ್ಲಮ್ಮ" ಎಂದರು.

ಮಾವನ ಜೊತೆಗೆ ದುಡಿದ ಚೌಡಣ್ಣ, ರಾಜಾಸಾಬ್ ಇಬ್ಬರೂ ಈಗಿಲ್ಲ. ಆದ್ದರಿಂದ ತಾವು ದಯಮಾಡಿ ಜಾಲಿ ಮುಳ್ಳು ಬದಿಗೆ ಸರಿಸಿ, ಕಚೇರಿಯ ಮೆಟ್ಟಿಲು ಹತ್ತಿ, ಪಾಳಿಯಲ್ಲಿ ನಿಂತು, ನನ್ನ ಮೇಲೆ ಕೂತಿದ್ದವನು ಗಾದಿಲಿಂಗನೇ ಎಂದು ಹೇಳಬೇಕು. ಮೆಟ್ಟಿಲು ಮುರಿದರೆ ಸಂಕೋಚ ಬೇಡ, ಅದನ್ನೂ ಬೊಮ್ಮಪ್ಪನ ಹೆಸರಿಗೇ ಬರೆದುಕೊಳ್ಳುತ್ತಾರೆ.

ತಮ್ಮ ದಾರಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಯಶೋಧಾ
ಕೊಟ್ಟೂರು, 2001

ತಾ.ಕ.: ದೊಡ್ಡ ಮಾವ ತಾನು ಬದುಕಿದ್ದೇನೆಂದು ಅರ್ಜಿ ಕೊಟ್ಟಿದ್ದ. ಕಚೇರಿಯವರು ಅದನ್ನು ಒಂದೇ ವಾರದಲ್ಲಿ ಒಪ್ಪಿ, ಹಾಗಿದ್ದರೆ ಎರಡು ವರ್ಷದಿಂದ ಕೆಲಸಕ್ಕೆ ಏಕೆ ಬಂದಿಲ್ಲವೆಂದು ನೋಟಿಸು ಕಳಿಸಿದ್ದಾರೆ. ಅಂದರೆ ಕಾಗದದ ಪ್ರಕಾರ ಅತ್ತೆಯ ಗಂಡ ಸತ್ತೇ ಇಲ್ಲ. ಈ ಸಿಹಿಸುದ್ದಿಯನ್ನು ಅವಳಿಗೆ ತಿಳಿಸುವ ಕೆಲಸವನ್ನಾದರೂ ಗುಮಾಸ್ತರೇ ವಹಿಸಿಕೊಳ್ಳಲಿ.