ನನ್ನ ದೊಡ್ಡ ಇಂಜಿನ್ನು, ಭಾವನ ಚಿಕ್ಕ ಇಂಜಿನ್ನು

ನಾನು ಹೇಳೋದನ್ನ ನಂಬಲ್ಲ ಅನ್ನೋರು ಈಗಲೇ ಕೈ ಎತ್ತಿ, ಆಮೇಲೆ ಗೊಣಗಬೇಡಿ. ಮಧುಗಿರಿ ತಾಲೂಕಿನಲ್ಲಿ ನನ್ನ ಪಿಕಪ್‌ನಷ್ಟು ಎಳೆಯುವ ಗಾಡಿ ಇನ್ನೊಂದಿಲ್ಲ. ಎರಡೂವರೆ ಲೀಟರ್ ಇಂಜಿನ್ನು, ನಾಲ್ಕು ಸಿಲಿಂಡರ್. ನಮ್ಮಕ್ಕನ ಗಂಡನ ಹತ್ರ, ಅಂದ್ರೆ ನಮ್ಮ ಭಾವನ ಹತ್ರ ಇರೋದು ಎರಡೇ ಸಿಲಿಂಡರಿನ ಪುಟ್ಟ ಗಾಡಿ. ಸ್ಟಾರ್ಟ್ ಮಾಡಿದರೆ ಹಿಟ್ಟಿನ ಮಿಷನ್ನಿಗೆ ಕೆಮ್ಮು ಬಂದ ಹಾಗೆ ಸದ್ದು. ಇಷ್ಟಿದ್ದೂ ಡೀಸೆಲ್ ಮಾತು ಬಂದಾಗಲೆಲ್ಲ ಮರ್ಯಾದೆ ಹೋಗೋದು ನಂದೇ.

ಈ ಸಲವಂತೂ ಮರ್ಯಾದೆ ಹೋಗಬಾರದಿತ್ತು. ಮಧುಗಿರಿಯ ಹುಣಸೆಹಣ್ಣಿನ ಮಂಡಿ ಸಾವ್ಕಾರರು ಇಡೀ ಸೀಜನ್ನಿಗೆ ಒಂದೇ ಗಾಡಿ ಇಟ್ಟುಕೊಳ್ತಾರೆ ಅಂತ ಸುದ್ದಿಯಾಗಿತ್ತು. ಆ ಗಾಡಿ ನಂದೇ ಅಂತ ನಾನು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದೆ. ಸಾವ್ಕಾರರಿಗೆ ಮಾತ್ರ ಹೇಳಿರಲಿಲ್ಲ.

ಗಾಡಿಗೂ ಒಂದು ಎಲೆ

ಗಾಡಿ ಮಾರಿದವನು ಲೀಟರಿಗೆ ಹದಿಮೂರು ಕಿಲೋಮೀಟರ್ ಅಂದಿದ್ದ. ನಮ್ಮೂರ ಟೀ ಅಂಗಡಿಯಲ್ಲಿ ನಾನು ಹದಿನೈದು ಅಂದೆ. ಮಧುಗಿರಿ ಬಸ್ ಸ್ಟಾಂಡಿನಲ್ಲಿ ಅದು ಹದಿನೆಂಟಾಯ್ತು. ಪಾವಗಡದಲ್ಲಿರೋ ಸೋದರಮಾವನ ಮನೆ ಮುಟ್ಟುವಷ್ಟರಲ್ಲಿ ಇಪ್ಪತ್ತೆರಡು. ನಿಂತ ಜಾಗದಲ್ಲೇ ಬೆಳೆಯೋ ಮೈಲೇಜು ನಿಮ್ಮ ಯಾವ ಗಾಡೀಲಿದೆ ಹೇಳಿ.

ಇಂಜಿನ್ನಿನ ಸದ್ದು ಮಾವನ ಬೀದಿಗೆಲ್ಲ ಕೇಳಲಿ ಅಂತ ಊಟ ಮುಗಿಯೋವರೆಗೂ ಆಫ್ ಮಾಡದೆ ಬಾಗಿಲಲ್ಲೇ ನಿಲ್ಲಿಸಿದ್ದೆ. ವಾಪಸ್ ಬರುವಾಗ ಪಾವಗಡ ಇನ್ನೂ ಬೆನ್ನ ಹಿಂದೆ ಕಾಣ್ತಿರುವಾಗಲೇ ಡೀಸೆಲ್ ಖಾಲಿ. ಮಾವ ಬೈಕಿನಲ್ಲಿ ಕ್ಯಾನ್ ಹಿಡಕೊಂಡು ಬಂದ.

"ಏಮಿರಾ, ಎರಡು ಮುದ್ದೆ ಉಂಡೆ ಅಂತ ನಿಮ್ಮತ್ತೆ ಖುಷಿಯಾಗಿದ್ಲು. ನಿನಗಿಂತ ನಿನ್ನ ಗಾಡೀನೇ ಜಾಸ್ತಿ ಉಂಡೈತೆ. ಮುಂದಿನ ಸಲ ಅದಕ್ಕೂ ಒಂದು ಎಲೆ ಹಾಕಿಸ್ತೀನಿ ಬುಡು."

ಬುಕ್ಕಾಪಟ್ಟಣದ ಎರಡು ಮೇಕೆ

ಇನ್ನೊಂದು ದಿನ ಬುಕ್ಕಾಪಟ್ಟಣಕ್ಕೆ ಎರಡು ಮೇಕೆ ಬಿಟ್ಟು ಬರುವ ಬಾಡಿಗೆ ಬಂತು. ಭಾವನೂ ಅದೇ ದಾರಿಯಲ್ಲಿ ಹೊರಟಿದ್ದ. ಯಾರಾದರೂ ಹತ್ತಲಾ ಅಂತ ಕೇಳಿದ್ರೆ ಅವನು ಮುಖ ಸಪ್ಪಗೆ ಮಾಡಿಕೊಂಡು, "ನಂದು ಚಿಕ್ಕ ಇಂಜಿನ್ನು ಕಣಮ್ಮ, ಎಳೆಯಲ್ಲ" ಅಂತಾನೆ. ನಾನು ಹಾಗನ್ನೋಕಾಗುತ್ತಾ? ಹನ್ನೊಂದು ಜನ ಹತ್ತಿದರು. ಒಬ್ಬಜ್ಜಿ ಮಗಳ ಮನೆಗೆ ಅಂತ ರುಬ್ಬೋ ಕಲ್ಲು ಹತ್ತಿಸಿ, ಭಾರ ಆಗಲ್ವೇನಪ್ಪ ಅಂದಳು. ಇದರ ಇಂಜಿನ್ನಿಗೆ ಗೊತ್ತೇ ಆಗಲ್ಲ ಬುಡಜ್ಜಿ ಅಂದೆ. ಅಜ್ಜಿ ಮನೆಗೆ ಹೋಗಿ ಬೀಸೋ ಕಲ್ಲನ್ನೂ ತಂದಳು.

ಆವತ್ತು ಮೈಲೇಜು ಒಂಬತ್ತಕ್ಕೆ ಇಳೀತು. ಸಿರಾದಲ್ಲಿ ನನ್ನ ಗಾಡಿ ನೋಡುವ ಸಾಬರು ಫಿಲ್ಟರ್ ಬಿಚ್ಚಿದರು, ಟೈರಿನ ಗಾಳಿ ನೋಡಿದರು, ಒಂದು ರೌಂಡು ಓಡಿಸಿಯೂ ಬಂದರು. ಖಾಲಿ ಓಡಾಡೋಕೆ ಚಿಕ್ಕ ಇಂಜಿನ್ನೇ ಸರಿ, ಲೋಡು ಹೊತ್ತು ಏರು ಹತ್ತೋಕೆ ದೊಡ್ಡದೇ ಕಮ್ಮಿ ಕುಡಿಯೋದು, ಚಿಕ್ಕದು ಉಸಿರು ಕಟ್ಟಿ ಕುಡೀತೈತೆ ಅಂತ ಪಾಠ ಹೇಳಿದರು. ಹಾಗಾದ್ರೆ ನಂದ್ಯಾಕೆ ಇಷ್ಟು ಕುಡೀತೈತೆ ಅಂದೆ.

"ಇಂಜಿನ್ ಏಕ್ದಮ್ ಫಸ್ಟ್ ಕ್ಲಾಸ್. ನಿನ್ನ ಬಾಯಿ ಇಂಜಿನ್ನಿಗಿಂತ ದೊಡ್ಡ ಸೈಜು. ಅದನ್ನ ರಿಪೇರಿ ಮಾಡೋಕೆ ಸಾಮಾನು ಸಿಗಲ್ಲ."

ಹುಣಸೆಹಣ್ಣಿನ ಪಂದ್ಯ

ಸಾವ್ಕಾರರ ಷರತ್ತು ಸುಲಭದ್ದು. ಡೀಸೆಲ್ ಅವರೇ ಹಾಕಿಸೋದು, ಹಾಗಾಗಿ ಕಮ್ಮಿ ಕುಡಿಯೋ ಗಾಡಿಗೆ ಸೀಜನ್ನು. ನಾನೂ ಭಾವನೂ ಮಧುಗಿರಿಯ ಬಂಕಿನಲ್ಲಿ ಗಾಡಿ ಅಲ್ಲಾಡಿಸಿ ಅಲ್ಲಾಡಿಸಿ ಕಂಠಪೂರ್ತಿ ಟ್ಯಾಂಕ್ ತುಂಬಿಸಿಕೊಂಡೆವು. ಖಾಲಿ ಗಾಡಿಯಲ್ಲಿ ತೋವಿನಕೆರೆಗೆ ಹೋಗಿ, ಇಪ್ಪತ್ತಿಪ್ಪತ್ತು ಮೂಟೆ ಹಣ್ಣು ತರಬೇಕು. ವಾಪಸ್ ಬಂದು ಟ್ಯಾಂಕ್ ತುಂಬಿಸಿದಾಗ ಯಾರದಕ್ಕೆ ಕಮ್ಮಿ ಹಿಡೀತೋ ಅವನು ಗೆದ್ದ.

ಸಾಬರು ಹೇಳಿದಂಗೇ ಆಯ್ತು. ಲೋಡು ಹೊತ್ತು ಬರುವಾಗ ಕೊರಟಗೆರೆ ದಾಟಿ ಸಿಕ್ಕ ಏರಿನಲ್ಲಿ ನನ್ನ ಗಾಡಿ ಹಾಡಿಕೊಂಡು ಹತ್ತಿತು, ಭಾವನದ್ದು ಬಾನೆಟ್ಟಿನಿಂದ ಹಬೆ ಬಿಡುತ್ತಾ ನಿಂತೇ ಹೋಯ್ತು. ನಾನು ತೆಪ್ಪಗೆ ಬಂದಿದ್ರೆ ಗೆದ್ದಿದ್ದೆ. ಆದರೆ ಯಾರೂ ಇಲ್ಲದ ರಸ್ತೆಯಲ್ಲಿ ಗೆದ್ದು ಏನು ಪ್ರಯೋಜನ? ಭಾವನ ಗಾಡಿಯಲ್ಲಿದ್ದ ಹಳೇ ಬಾವಿ ಹಗ್ಗವನ್ನೇ ನನ್ನ ಗಾಡಿಯ ಹಿಂದಕ್ಕೆ ಬಿಗಿದೆ.

"ಏರು ಹತ್ತಿಸಿಬುಡು ಸಾಕು ಕಣ್ಲಾ. ತಣ್ಣಗಾದ್ಮೇಲೆ ನಾನೇ ಬತ್ತೀನಿ," ಅಂದ ಭಾವ.

"ಇಂಜಿನ್ ಆಫ್ ಮಾಡಿ ಸುಮ್ಕೆ ಕೂತ್ಕೋ ಭಾವ," ಅಂದೆ.

ಕೂತ. ಎಷ್ಟು ನೆಮ್ಮದಿಯಾಗಿ ಕೂತ ಅಂದ್ರೆ, ಕನ್ನಡಿಯಲ್ಲಿ ನೋಡಿದಾಗ ಕಡಲೆಕಾಯಿ ಬಿಡಿಸ್ತಾ ಇದ್ದ. ಮಧುಗಿರಿವರೆಗೂ ಎಳೆದೆ. ಕೋರ್ಟಿನ ಮುಂದೆ ಹಾರನ್ ಹೊಡೆದೆ. ಬಸ್ ಸ್ಟಾಂಡ್ ಹತ್ರ ಎಲ್ಲರೂ ನೋಡಲಿಲ್ಲವೇನೋ ಅಂತ ಇನ್ನೊಂದು ಸುತ್ತು ಬಂದೆ. ಬಂಕಿಗೆ ತಲುಪುವಷ್ಟರಲ್ಲಿ ಹಗ್ಗ ಎಳೆ ಎಳೆ ಬಿಟ್ಟಿತ್ತು.

ನನ್ನ ಟ್ಯಾಂಕಿಗೆ ಡೀಸೆಲ್ ಹೋಗ್ತಾನೇ ಇತ್ತು. ಪೈಪು ಹಿಡಿದವನು ಒಂದು ಸಲ ಬಗ್ಗಿ, ಕೆಳಗೇನಾದ್ರೂ ಸೋರ್ತಿದೆಯಾ ಅಂತಲೂ ನೋಡಿದ. ಭಾವನದ್ದಕ್ಕೆ ಪೈಪು ಇಟ್ಟ ಸ್ವಲ್ಪ ಹೊತ್ತಿಗೇ ತುಂಬಿಕೊಳ್ತು.

ಅಳತೆ ನೋಡೋಕೆ ಬಂಕಿಗೆ ಬಂದಿದ್ದ ಸಾವ್ಕಾರರಿಗೆ, ಅವನನ್ನ ಇಲ್ಲಿಗಂಟ ಎಳೆದು ತಂದವನೇ ನಾನು ಅಂದೆ.

"ಗೊತ್ತಪ್ಪ. ಬಸ್ ಸ್ಟಾಂಡ್ ಹತ್ರ ಎರಡು ಸಲ ನೋಡ್ದೆ. ಅವನು ಲೋಡು ತರ್ಲಿ, ಏರಲ್ಲಿ ನಿಂತ್ರೆ ನಿನ್ನ ಕರೀತಾನೆ. ಇರು, ನಿನಗೂ ಒಂದು ಕೊಡ್ತೀನಿ," ಅಂತ ಮಂಡಿ ಕಡೆ ನಡೆದರು. ಕಮ್ಮಿ ಅಂದ್ರೂ ಅರ್ಧ ಸೀಜನ್ನು ಸಿಕ್ಕಿತು ಅಂತ ನಾನು ಮೀಸೆ ತಿರುವಿಕೊಂಡು ಹಿಂದೆಯೇ ಹೋದೆ.

ಸೀಜನ್ನು ಭಾವನಿಗೆ ಹೋಯ್ತು. ನನಗೆ ಕೊಟ್ಟಿದ್ದು ಇಪ್ಪತ್ತು ಅಡಿ ಉದ್ದದ ಒಂದು ಹೊಸ ನೈಲಾನ್ ಹಗ್ಗ.